ಓಡ್ತಿರೋ ಸಿಮ್ಯುಲೇಶನ್‌ಗೆ ಕೈ ಹಾಕಬಹುದಾ? ಒಂದು ನಾಲೆ, ಒಂದು ಆಲೆಮನೆ ಮತ್ತು ನನ್ನ ಒಂದು ತಪ್ಪು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಬಸ್ಸಲ್ಲೋ ಹಾಸ್ಟೆಲ್ ರೂಮಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋ ನಿಮಗೆ ಮೊದಲೇ ಒಂದು ಪ್ರಶ್ನೆ. ನಿಮ್ಮ ಕಂಪ್ಯೂಟರ್ ಮೂರು ದಿನದಿಂದ ಹಗಲು ರಾತ್ರಿ ಒಂದೇ ಲೆಕ್ಕ ಮಾಡ್ತಾ ಇದೆ. ಮುಗಿಯೋಕೆ ಇನ್ನೊಂದು ದಿನ ಬೇಕು. ಅಷ್ಟರಲ್ಲಿ ಲೆಕ್ಕ ಹಳಿ ತಪ್ತಾ ಇರೋದು ಗೊತ್ತಾಗುತ್ತೆ. ಆಗ ಏನ್ ಮಾಡ್ತೀರಿ? ಎಲ್ಲ ನಿಲ್ಲಿಸಿ ಮೊದಲಿಂದ ಶುರು ಮಾಡ್ತೀರಾ? ಅಥವಾ ಅದು ಓಡ್ತಾ ಇರುವಾಗಲೇ ಸೆಟ್ಟಿಂಗ್ ಬದಲಾಯಿಸ್ತೀರಾ?

ನಾನು ಎರಡನೇದು ಮಾಡಿದೆ. ಅದು ತಪ್ಪಲ್ಲ. ಆದ್ರೆ ಅದನ್ನ ಮಾಡಿದ ರೀತಿ ತಪ್ಪು. ಇವತ್ತಿನ ಸಂಚಿಕೆ ಅದರ ಬಗ್ಗೆ. ನೀರಿನ ಹರಿವನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕುವಾಗ, ಸಾಲ್ವರ್ ಓಡ್ತಿರುವಾಗಲೇ ಅದರ ಸೆಟ್ಟಿಂಗ್‌ಗಳನ್ನ ಬದಲಾಯಿಸಬಹುದಾ, ಬದಲಾಯಿಸಿದ್ರೆ ಯಾವುದನ್ನ, ಎಷ್ಟು, ಹೇಗೆ?

ವಿಷಯ ಎಲ್ಲಿಂದ ಶುರುವಾಯ್ತು

ನಮ್ಮೂರು ಮದ್ದೂರು–ಮಳವಳ್ಳಿ ನಡುವೆ. ಕೆಆರ್‌ಎಸ್‌ನಿಂದ ಹೊರಡೋ ವಿಶ್ವೇಶ್ವರಯ್ಯ ನಾಲೆ, ನಾವೆಲ್ಲ ವಿ.ಸಿ. ನಾಲೆ ಅಂತೀವಲ್ಲ, ಹಳಬರು ಇನ್ನೂ ಇರ್ವಿನ್ ನಾಲೆ ಅಂತಾರೆ, ಅದರ ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯದ ಬಯಲು ಹಾಯ್ದು ನಮ್ಮ ಕಡೆ ಬರುತ್ತೆ. ನಾವು ನಾಲೆಯ ಕೊನೆ ಭಾಗದವರು. ಇಲ್ಲಿ ನೀರು ದಿನಾ ಬರಲ್ಲ, ಕಟ್ಟು ಪದ್ಧತಿ. ಇಷ್ಟು ದಿನ ಬಿಡ್ತಾರೆ, ಇಷ್ಟು ದಿನ ನಿಲ್ಲಿಸ್ತಾರೆ. ನಾಲೆಯ ರಿಪೇರಿ ಏನಿದ್ರೂ ನೀರು ನಿಂತ ಆ ಬಿಡುವಿನಲ್ಲೇ ಮುಗೀಬೇಕು.

ನಮ್ಮ ಬಯಲಿಗೆ ಹೋಗೋ ಒಂದು ಹೊಲಗಾಲುವೆ ಒಂದು ಕಡೆ ಸುಮಾರು ಒಂದು ಮೀಟರ್ ಕೆಳಕ್ಕೆ ಧುಮುಕುತ್ತೆ. ಧುಮುಕಿದ ಮೇಲೆ ತಳ ಕೊರೀತದೆ, ಏರಿ ಕುಸೀತದೆ, ಕೆಳಗಿನ ಗದ್ದೆಯವರಿಗೆ ನೀರು ಹೋಗಲ್ಲ. ಈ ಸಲ ರೈತರೇ ಕೈಯಿಂದ ದುಡ್ಡು ಹಾಕಿ ತಳಕ್ಕೆ ಕಲ್ಲು ಹಾಸೋಣ ಅಂತ ಮಾತಾಡಿಕೊಂಡ್ರು. ಎಷ್ಟು ದೂರ ಹಾಸಬೇಕು ಅನ್ನೋದೇ ಪ್ರಶ್ನೆ. ಜಾಸ್ತಿ ಹಾಸಿದ್ರೆ ದುಡ್ಡು ದಂಡ. ಕಮ್ಮಿ ಹಾಸಿದ್ರೆ ಕಲ್ಲು ಮುಗಿದ ಕಡೆಯೇ ಮತ್ತೆ ಕೊರೆತ.

ನಾನು ಬೆಂಗಳೂರಲ್ಲಿ ಸಿಮ್ಯುಲೇಶನ್ ಕೆಲಸದಲ್ಲಿರೋನು. ಜಂಬ ಬಿಡಬೇಕಲ್ಲ! "ನಾನು ಕಂಪ್ಯೂಟರಲ್ಲಿ ನೋಡಿ ಹೇಳ್ತೀನಿ ಬಿಡಿ" ಅಂದೆ.

ಸಾಲ್ವರ್ ಏನು ಮಾಡುತ್ತೆ?

ನೀರು ಹೇಗೆ ಹರಿಯುತ್ತೆ ಅನ್ನೋದಕ್ಕೆ ಸಮೀಕರಣಗಳಿವೆ. ಅವುಗಳ ಹೆಸರು ನೇವಿಯರ್–ಸ್ಟೋಕ್ಸ್, ಹತ್ತೊಂಬತ್ತನೇ ಶತಮಾನದವು. ನಮ್ಮ ಕಾಲುವೆಯಂಥ ಜಾಗಕ್ಕೆ ಅವನ್ನ ಪೆನ್ನು ಪೇಪರ್‌ನಲ್ಲಿ ಬಿಡಿಸೋಕೆ ಆಗಲ್ಲ. ಅದಕ್ಕೆ ಕಾಲುವೆಯನ್ನ ಲಕ್ಷಾಂತರ ಪುಟ್ಟ ಕೋಣೆಗಳಾಗಿ ಸೀಳ್ತೀವಿ. ಒಂದು ಬಯಲನ್ನ ಬದು ಹಾಕಿ ಗದ್ದೆ ಗದ್ದೆಯಾಗಿ ಸೀಳಿದ ಹಾಗೆ. ಪ್ರತಿ ಕೋಣೆಗೂ ಎಷ್ಟು ನೀರು ಬಂತು, ಎಷ್ಟು ಹೋಯ್ತು, ಒತ್ತಡ ಎಷ್ಟು ಅಂತ ಲೆಕ್ಕ. ಆಮೇಲೆ ಸಮಯವನ್ನ ಒಂದು ಪುಟ್ಟ ಹೆಜ್ಜೆ ಮುಂದಿಟ್ಟು ಮತ್ತೆ ಅದೇ ಲೆಕ್ಕ. ಹೀಗೆ ಸಾವಿರಾರು ಸಲ ಮಾಡೋ ಪ್ರೋಗ್ರಾಮೇ ಸಾಲ್ವರ್.

ಇದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ 1986ರಲ್ಲೇ ಇಂಥ ಲೆಕ್ಕಕ್ಕಾಗಿ ಒಂದು ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ರು. ಅದರ ಹೆಸರೇ ಫ್ಲೋಸಾಲ್ವರ್, ಅಂದ್ರೆ ಹರಿವನ್ನ ಬಿಡಿಸೋದು. ಭಾರತದ ಮೊದಲ ಪ್ಯಾರಲಲ್ ಕಂಪ್ಯೂಟರ್ ಅದು. ಇವತ್ತು ಅಂಥ ಲೆಕ್ಕವನ್ನ ನಾನು ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಓಡಿಸ್ತೀನಿ.

ನಾನು ಬಳಸಿದ್ದು ಓಪನ್‌ಫೋಮ್. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿದ ಪ್ರೋಗ್ರಾಮು. 2004ರಿಂದ ಎಲ್ಲರಿಗೂ ಉಚಿತ, ಒಳಗಿನ ಕೋಡನ್ನೂ ಯಾರು ಬೇಕಾದ್ರೂ ತೆರೆದು ಓದಬಹುದು. ಫೋಮ್ ಅಂದ್ರೆ ನೊರೆ ಅಲ್ವಾ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 'ಫೀಲ್ಡ್ ಆಪರೇಷನ್ ಅಂಡ್ ಮ್ಯಾನಿಪ್ಯುಲೇಶನ್' ಅನ್ನೋದರ ಮೊದಲಕ್ಷರಗಳು ಅಷ್ಟೇ. ಆದ್ರೆ ನೊರೆ ವಿಷಯ ನೆನಪಲ್ಲಿರಲಿ, ಮತ್ತೆ ಬರುತ್ತೆ.

ಹೆಜ್ಜೆ ಎಷ್ಟು ದೊಡ್ಡದಿರಬೇಕು?

ಎಲ್ಲ ತೊಂದರೆ ಶುರುವಾಗೋದು ಇಲ್ಲಿ. ಸಮಯದ ಒಂದು ಹೆಜ್ಜೆಯಲ್ಲಿ ನೀರು ಒಂದು ಗದ್ದೆಯನ್ನ ಹಾರಿ ಅದರಾಚೆಯ ಗದ್ದೆಗೆ ಹೋಗಬಾರದು. ಹೋದ್ರೆ ನಡುವಿನ ಗದ್ದೆಗೆ ಲೆಕ್ಕವೇ ಸಿಗಲ್ಲ. ಈ ಮಾತನ್ನ ಕೂರಂಟ್, ಫ್ರೀಡ್ರಿಕ್ಸ್, ಲೆವಿ ಅನ್ನೋ ಮೂವರು ಗಣಿತಜ್ಞರು 1928ರಲ್ಲೇ ಬರೆದಿಟ್ರು, ಕಂಪ್ಯೂಟರ್ ಬರೋಕೆ ಮುಂಚೆ! ಒಂದು ಹೆಜ್ಜೆಯಲ್ಲಿ ನೀರು ಕೋಣೆಯ ಎಷ್ಟು ಭಾಗ ದಾಟುತ್ತೆ ಅನ್ನೋದನ್ನ ಕೂರಂಟ್ ಸಂಖ್ಯೆ ಅಂತೀವಿ.

ಲೆಕ್ಕ ಹಾಕಿ ನೋಡೋಣ. ಒಂದು ಮೀಟರ್ ಎತ್ತರದಿಂದ ಬಿದ್ದ ನೀರಿನ ವೇಗ ಸೆಕೆಂಡಿಗೆ ನಾಲ್ಕು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಾಲ್ಕೇ ಅಂತ ಇಟ್ಕೊಳ್ಳಿ. ನನ್ನ ಒಂದು ಕೋಣೆ 2 ಸೆಂಟಿಮೀಟರ್. ಅದನ್ನ ದಾಟೋಕೆ ನೀರಿಗೆ ಬೇಕಾಗೋದು 0.005 ಸೆಕೆಂಡ್. ಅಂದ್ರೆ ನಿಜವಾದ ಒಂದು ಸೆಕೆಂಡಿನ ಹರಿವು ನೋಡೋಕೆ 200 ಹೆಜ್ಜೆ. ಒಂದು ನಿಮಿಷಕ್ಕೆ 12,000. ಪ್ರತಿ ಹೆಜ್ಜೆಯಲ್ಲೂ ಅಷ್ಟೂ ಕೋಣೆಗಳ ಲೆಕ್ಕ. ಹಳೇ ಕಂಪ್ಯೂಟರಿಗೆ ಮೂರ್ನಾಲ್ಕು ದಿನ ಯಾಕೆ ಬೇಕು ಅಂತ ಗೊತ್ತಾಯ್ತಲ್ಲ.

ಈಗ ನೀರು ಸಿಡಿಯೋ ಜಾಗದಲ್ಲಿ ಯಾವುದೋ ಒಂದೇ ಒಂದು ಕೋಣೆಯಲ್ಲಿ ವೇಗ ಲೆಕ್ಕ ತಪ್ಪಿ ನಲವತ್ತಕ್ಕೆ ಏರಿದ್ರೆ? ಹೆಜ್ಜೆ ಹತ್ತು ಪಟ್ಟು ಚಿಕ್ಕದಾಗಬೇಕು. ಆಗದಿದ್ರೆ ತಪ್ಪು ಪಕ್ಕದ ಕೋಣೆಗೆ, ಅದರಿಂದ ಅದರ ಪಕ್ಕಕ್ಕೆ ಹರಡಿ, ಕೊನೆಗೆ ಸ್ಕ್ರೀನ್ ಮೇಲೆ ಅರ್ಥವಿಲ್ಲದ ದೊಡ್ಡ ಸಂಖ್ಯೆಗಳು. ಅದನ್ನೇ ನಾವು 'ಬ್ಲೋ ಅಪ್ ಆಯ್ತು' ಅಂತೀವಿ.

ತಾನೇ ತೆರೆಯೋ ಗೇಟು

ಇದಕ್ಕೆ ಮೊದಲ ಪರಿಹಾರ ವಿಶ್ವೇಶ್ವರಯ್ಯನವರ ಗೇಟಿನಂಥದ್ದು. ಅವರು ಪುಣೆ ಹತ್ತಿರದ ಖಡಕವಾಸ್ಲಾದಲ್ಲಿ 1903ರಲ್ಲಿ ಹಾಕಿಸಿದ ಸ್ವಯಂಚಾಲಿತ ಗೇಟಿನ ಬಗ್ಗೆ ಓದಿರ್ತೀರಿ. ಕೆಆರ್‌ಎಸ್‌ಗೂ ಸ್ವಯಂಚಾಲಿತ ಗೇಟುಗಳು ಬಂದವು. ನೀರು ಗೊತ್ತು ಮಾಡಿದ ಮಟ್ಟ ದಾಟಿದ್ರೆ ಗೇಟು ತಾನೇ ಏಳುತ್ತೆ, ನೀರು ಇಳಿದ್ರೆ ತಾನೇ ಕೂರುತ್ತೆ. ಯಾವ ಮಟ್ಟಕ್ಕೆ ಏಳಬೇಕು ಅನ್ನೋದನ್ನ ಮೊದಲೇ ಯೋಚಿಸಿ ಇಟ್ಟಿರ್ತಾರೆ.

ಸಾಲ್ವರ್‌ನಲ್ಲೂ ಹಾಗೇ. 'ಅಡ್ಜಸ್ಟ್ ಟೈಮ್‌ಸ್ಟೆಪ್' ಅನ್ನೋ ಸೆಟ್ಟಿಂಗನ್ನ ಹೌದು ಅಂತ ಮಾಡಿ, ಕೂರಂಟ್ ಸಂಖ್ಯೆ ಇಷ್ಟು ಮೀರಬಾರದು ಅಂತ ಬರೆದುಬಿಟ್ರೆ ಮುಗೀತು. ವೇಗ ಏರಿದ್ರೆ ಹೆಜ್ಜೆ ತಾನೇ ಚಿಕ್ಕದಾಗುತ್ತೆ, ಇಳಿದ್ರೆ ತಾನೇ ದೊಡ್ಡದಾಗುತ್ತೆ. ಇದು ಕೂಡ ಓಡ್ತಿರುವಾಗ ಸೆಟ್ಟಿಂಗ್ ಬದಲಾಗೋದೇ. ಆದ್ರೆ ನಿಯಮ ಮೊದಲೇ ಬರೆದಿಟ್ಟಿದ್ದು, ಹಾಗಾಗಿ ನಾಳೆ ಇನ್ನೊಬ್ಬರು ಅದೇ ಫೈಲ್ ಓಡಿಸಿದ್ರೂ ಅದೇ ಉತ್ತರಕ್ಕೆ ಬರ್ತಾರೆ. ಆಗೋದಾದ್ರೆ ಯಾವಾಗಲೂ ಈ ದಾರಿಯೇ ಒಳ್ಳೇದು.

ಕೊಪ್ಪರಿಗೆ ಮುಂದೆ ಕೂತವನು

ಎಲ್ಲವನ್ನೂ ಮೊದಲೇ ಬರೆದಿಡೋಕೆ ಆಗಲ್ಲ. ಆಲೆಮನೆ ನೋಡಿದ್ದೀರಾ? ಮದ್ದೂರು ಮಂಡ್ಯ ಕಡೆ ರಸ್ತೆಯಲ್ಲಿ ಹೋಗ್ತಿದ್ರೆ ವಾಸನೆಯಲ್ಲೇ ಗೊತ್ತಾಗುತ್ತೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದೀತಾ ಇರುತ್ತೆ. ಮುಂದೆ ನಿಂತವನ ಕಣ್ಣು ನೊರೆ ಮೇಲೆ. ನೊರೆ ಉಕ್ಕಿ ಬಂದ್ರೆ ಎರಡು ಹನಿ ಎಣ್ಣೆ ಹಾಕ್ತಾನೆ, ಅದು ಕೂರುತ್ತೆ. ಉರಿ ಜಾಸ್ತಿ ಆದ್ರೆ ಒಲೆಗೆ ಸಿಪ್ಪೆ ತಳ್ಳೋದು ನಿಧಾನ ಮಾಡು ಅಂತಾನೆ. ಕುದಿಯೋದನ್ನ ನಿಲ್ಲಿಸಿ, ಮತ್ತೆ ಹೊಸ ಹಾಲು ಹುಯ್ದು ಶುರು ಮಾಡಲ್ಲ. ಓಡ್ತಿರೋ ಕೆಲಸವನ್ನ ಓಡ್ತಿರುವಾಗಲೇ ಹದ ಮಾಡ್ತಾನೆ.

ಓಪನ್‌ಫೋಮ್‌ನಲ್ಲಿ ಇದಕ್ಕೆ ಒಂದು ಬಾಗಿಲಿದೆ. 'ಕಂಟ್ರೋಲ್‌ಡಿಕ್ಟ್' ಅನ್ನೋ ಫೈಲ್‌ನಲ್ಲಿ 'ರನ್‌ಟೈಮ್ ಮಾಡಿಫೈಯಬಲ್' ಅನ್ನೋ ಒಂದು ಸಾಲು. ಅದರ ಮುಂದೆ ಯೆಸ್ ಅಂತ ಇದ್ರೆ, ಪ್ರತಿ ಹೆಜ್ಜೆಯಲ್ಲೂ ಸಾಲ್ವರ್ ತನ್ನ ಸೆಟ್ಟಿಂಗ್ ಫೈಲ್‌ಗಳ ಕಡೆ ಒಮ್ಮೆ ತಿರುಗಿ ನೋಡುತ್ತೆ. ಯಾರಾದ್ರೂ ತಿದ್ದಿದ್ದಾರಾ? ತಿದ್ದಿದ್ರೆ ಮತ್ತೆ ಓದಿ, ಹೊಸ ಸೆಟ್ಟಿಂಗ್‌ನಲ್ಲಿ ಮುಂದೆ ಹೋಗುತ್ತೆ. ಓದಿದೆ ಅಂತ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತೆ ಕೂಡ. ಫ್ಲೂಯೆಂಟ್‌ನಂಥ ದುಡ್ಡು ಕೊಟ್ಟು ಕೊಳ್ಳೋ ಸಾಫ್ಟ್‌ವೇರ್‌ನಲ್ಲಿ ಲೆಕ್ಕವನ್ನ ಸ್ವಲ್ಪ ತಡೆದು, ಸಂಖ್ಯೆ ಬದಲಿಸಿ ಮುಂದುವರಿಸಬಹುದು. ಬುದ್ಧಿ ಒಂದೇ.

ಎಲ್ಲವೂ ಹೀಗೆ ಬದಲಾಗಲ್ಲ. ಕೋಣೆಗಳ ಜಾಲ ಆಗಲೇ ಮೆಮೊರಿಯಲ್ಲಿ ಕೂತಿರುತ್ತೆ. ನೀರು ಒಳಗೆ ಬರೋ ಬಾಗಿಲಲ್ಲಿ ವೇಗ ಎಷ್ಟು ಅನ್ನೋ ಗಡಿ ಷರತ್ತುಗಳೂ ಹಾಗೇ. ಆ ಫೈಲ್ ತಿದ್ದಿದ್ರೂ ಓಡ್ತಿರೋ ಲೆಕ್ಕಕ್ಕೆ ತಟ್ಟಲ್ಲ, ನಿಲ್ಲಿಸಿ ಮುಂದುವರಿಸಬೇಕು.

ಇನ್ನೊಂದು ಎಚ್ಚರ. ಓಡ್ತಿರೋ ಫೈಲನ್ನ ತಿದ್ದುವಾಗ ಒಂದು ಸೆಮಿಕೋಲನ್ ಬಿಟ್ಟು ಸೇವ್ ಮಾಡಿದ್ರಿ ಅಂದ್ಕೊಳ್ಳಿ. ಸಾಲ್ವರ್ ಅದನ್ನ ಓದಿ ಅಲ್ಲೇ ಪ್ರಾಣ ಬಿಡುತ್ತೆ, ಕೊನೇ ಸಲ ಸೇವ್ ಆದ ಮೇಲಿನ ಕೆಲಸಕ್ಕೆಲ್ಲ ಅಲ್ಲೇ ಎಳ್ಳುನೀರು. ಅದಕ್ಕೆ ಫೈಲಿನ ಒಂದು ಪ್ರತಿ ಮಾಡಿ, ಅದರಲ್ಲಿ ತಿದ್ದಿ, ಎರಡು ಸಲ ಓದಿ, ಆಮೇಲೆ ಅದನ್ನ ಹಳೇದರ ಜಾಗಕ್ಕೆ ಒಂದೇ ಸಲ ತಂದು ಕೂರಿಸಿ.

ಆ ರಾತ್ರಿ ನಾನು ಮಾಡಿದ್ದು

ಮೂರನೇ ರಾತ್ರಿ ಲಾಗ್ ನೋಡ್ತಾ ಇದ್ದೀನಿ, ಸಮಯದ ಹೆಜ್ಜೆ ಚಿಕ್ಕದಾಗ್ತಾ, ಚಿಕ್ಕದಾಗ್ತಾ ಹೋಗ್ತಿದೆ. ತಾನೇ ತೆರೆಯೋ ಗೇಟು ತನ್ನ ಕೆಲಸ ಮಾಡ್ತಿದೆ, ಆದ್ರೆ ಈ ವೇಗದಲ್ಲಿ ಲೆಕ್ಕ ಮುಗಿಯೋಕೆ ತಿಂಗಳು ಬೇಕು. ಮುಂದಿನ ಕಟ್ಟಿಗೆ ನೀರು ಬಿಡೋ ದಿನ ಹತ್ತಿರ ಬರ್ತಿದೆ. ಅಪ್ಪ ಫೋನ್ ಮಾಡಿ, "ಕಲ್ಲಿನ ಗಾಡಿಯವನು ಕೇಳ್ತಾವ್ನೆ, ಏನ್ ಹೇಳ್ಲಿ?" ಅಂದ್ರು.

ಮೊದಲು ಕೂರಂಟ್ ಮಿತಿಯನ್ನ 1ರಿಂದ 0.5ಕ್ಕೆ ಇಳಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಆಮೇಲೆ ಇನ್ನೊಂದು ಫೈಲ್ ತೆರೆದು, ವೇಗವನ್ನ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸೋ ವಿಧಾನವನ್ನೇ ಬದಲಾಯಿಸಿದೆ. ನಿಖರವಾದ, ಆದ್ರೆ ಸ್ವಲ್ಪ ಹಠಮಾರಿ ವಿಧಾನ ತೆಗೆದು 'ಅಪ್‌ವಿಂಡ್' ಹಾಕಿದೆ. ಅಪ್‌ವಿಂಡ್ ಅಂದ್ರೆ, ಹರಿವು ಯಾವ ಕಡೆಯಿಂದ ಬರ್ತಿದೆಯೋ ಆ ಕೋಣೆಯ ಬೆಲೆಯನ್ನೇ ಹಾಗೇ ತಗೊಳ್ಳೋದು. ತುಂಬ ಗಟ್ಟಿ ವಿಧಾನ, ಸುಲಭಕ್ಕೆ ಬ್ಲೋ ಅಪ್ ಆಗಲ್ಲ.

ಐದೇ ನಿಮಿಷ. ಲಾಗ್ ತಣ್ಣಗಾಯ್ತು. ಹೆಜ್ಜೆ ದೊಡ್ಡದಾಯ್ತು. ನಾನು ಮಲಗಿದೆ. ಬೆಳಗ್ಗೆ ನೋಡಿದ್ರೆ ಚಿತ್ರ ನುಣುಪಾಗಿ, ಚಂದವಾಗಿ ಬಂದಿದೆ. ಬಿದ್ದ ನೀರು ಸ್ವಲ್ಪ ದೂರದಲ್ಲೇ ಸುಧಾರಿಸಿಕೊಂಡು ಶಾಂತವಾಗಿ ಹೋಗ್ತಿದೆ. ಊರಿಗೆ ಬಂದು, ಕಾಲುವೆ ಪಕ್ಕ ನಿಂತು, ಮೊಬೈಲಲ್ಲಿ ಚಿತ್ರ ತೋರಿಸಿ, "ಇಲ್ಲಿವರೆಗೆ ಹಾಸಿದ್ರೆ ಸಾಕು" ಅಂತ ಕೋಲು ನೆಟ್ಟೆ.

ನಮ್ಮ ಬಯಲಿನ ನೀರುಗಂಟಿ ಮಾವ ಅಲ್ಲೇ ಇದ್ರು. ವಯಸ್ಸೆಲ್ಲ ಈ ನೀರು ಬಿಡೋದು ಕಟ್ಟೋದರಲ್ಲೇ ಕಳೆದವರು. ಮೊಬೈಲ್ ಕೈಗೆ ತಗೊಂಡು ನೋಡಿ, ವಾಪಸ್ ಕೊಟ್ಟು ಹೇಳಿದ್ರು: "ಚೆಂದಾಗದೆ ಕಣ್ಮಗಾ. ಆದ್ರೆ ನೀರು ಇಲ್ಲಿಗೆ ಸುಮ್ಕಾಗಾಕಿಲ್ಲ. ಮೇಗಡೆ ಸುಮ್ಕಿರ್ತದೆ, ತಳದಾಗೆ ನುಗ್ತಾನೇ ಇರ್ತದೆ. ಅಗೋ, ಆ ಹೊಂಗೆಮರದ ತಾವ ಕೊರೀತದೆ."

ಮೊದಲು ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ರಾತ್ರಿ ಫೈಲ್ ತೆರೆದು ನೋಡಿದೆ. ಅಪ್‌ವಿಂಡ್ ಹಾಗೇ ಕೂತಿತ್ತು. ವಾಪಸ್ ಬದಲಾಯಿಸಬೇಕು ಅನ್ನೋದನ್ನೇ ಮರೆತಿದ್ದೆ.

ಹಳದಿ ಬೆಲ್ಲ

ಅಪ್‌ವಿಂಡ್‌ನ ಗುಣ ಏನು ಗೊತ್ತಾ? ಅದು ಚೂಪಾಗಿರೋದನ್ನ ಮೊಂಡು ಮಾಡುತ್ತೆ. ತಳದಲ್ಲಿ ತೆಳ್ಳಗೆ, ಜೋರಾಗಿ ನುಗ್ಗೋ ನೀರಿನ ಪದರವನ್ನ ಅಕ್ಕಪಕ್ಕದ ನಿಧಾನದ ನೀರಿನ ಜೊತೆ ಬೆರೆಸಿಬಿಡುತ್ತೆ. ಪ್ರಕೃತಿಯಲ್ಲಿ ಇಲ್ಲದ ಒಂದು ಅಂಟುತನವನ್ನ ನೀರಿಗೆ ಸೇರಿಸಿದ ಹಾಗೆ. ನನ್ನ ಸ್ಕ್ರೀನ್ ಮೇಲೆ ಹರೀತಿದ್ದದ್ದು ಕಾವೇರಿ ನೀರಲ್ಲ, ಪಾಕ! ಅದಕ್ಕೇ ಅಷ್ಟು ಬೇಗ ಶಾಂತವಾಗಿತ್ತು.

ಮತ್ತೆ ಆಲೆಮನೆಗೆ ಬನ್ನಿ. ನೊರೆಗೆ ಎರಡು ಹನಿ ಎಣ್ಣೆ ಹಾಕೋದು ಕೆಲಸ ಕೆಡದಂತೆ ನೋಡಿಕೊಳ್ಳೋದು. ಬಣ್ಣ ಬರಲಿ ಅಂತ ಲೆಕ್ಕವಿಲ್ಲದೆ ಕೆಮಿಕಲ್ ಸುರಿಯೋದು ಬೇರೆ. ಹಳದಿ ಬೆಲ್ಲ ನೋಡೋಕೆ ಚೆನ್ನ, ಮಾರುಕಟ್ಟೆಯಲ್ಲಿ ಕಣ್ಣಿಗೆ ಹೊಡೆಯುತ್ತೆ. ತಿನ್ನೋಕೆ ಹಳೇ ಕಂದು ಬೆಲ್ಲವೇ ವಾಸಿ ಅಂತ ಈಗ ಎಲ್ಲರೂ ಹೇಳ್ತಾರೆ. ಓಡ್ತಿರುವಾಗ ಮಾಡೋ ಬದಲಾವಣೆಗಳಲ್ಲೂ ಈ ಎರಡು ಜಾತಿ ಇವೆ. ಎರಡೂ ಒಂದೇ ಬಾಗಿಲಿಂದ ಒಳಗೆ ಬರ್ತವೆ, ಅದೇ ಅಪಾಯ.

ಮೂರು ಬುಟ್ಟಿ

ಆವತ್ತಿಂದ ನಾನು ಸೆಟ್ಟಿಂಗ್‌ಗಳನ್ನ ಮೂರು ಬುಟ್ಟಿಗೆ ಹಾಕ್ತೀನಿ.

ಮೊದಲ ಬುಟ್ಟಿ: ದಾರಿಗೆ ಸಂಬಂಧಿಸಿದ್ದು. ಎಷ್ಟು ಹೊತ್ತಿಗೊಮ್ಮೆ ಫಲಿತಾಂಶ ಸೇವ್ ಆಗಬೇಕು, ಯಾವಾಗ ನಿಲ್ಲಬೇಕು, ಒಳಗಿನ ಗಣಿತಕ್ಕೆ ಯಾವ ವಿಧಾನ ಅನ್ನೋದೆಲ್ಲ ಇದರಲ್ಲಿ. ಕಾಲಕ್ಕೆ ಬದಲಾಗದ, ಸ್ಥಿರವಾದ ಹರಿವಿನ ಲೆಕ್ಕದಲ್ಲಾದ್ರೆ ರಿಲ್ಯಾಕ್ಸೇಶನ್ ಕೂಡ ಇಲ್ಲಿಗೇ ಸೇರುತ್ತೆ. ರಿಲ್ಯಾಕ್ಸೇಶನ್ ಅಂದ್ರೆ, ಹೊಸ ಉತ್ತರ ಬಂದಾಗ ಅದನ್ನ ಪೂರ್ತಿ ನಂಬದೆ, ಹಳೇದರ ಜೊತೆ ಸ್ವಲ್ಪ ಬೆರೆಸಿ ಮುಂದೆ ಹೋಗೋದು. ವೇಗಕ್ಕೆ 0.7, ಒತ್ತಡಕ್ಕೆ 0.3 ಅನ್ನೋದು ಸಾಮಾನ್ಯವಾಗಿ ಶುರು ಮಾಡೋ ಸಂಖ್ಯೆ. ಲೆಕ್ಕ ಕುಣಿದಾಡಿದ್ರೆ ಇಳಿಸ್ತೀವಿ, ಹದಕ್ಕೆ ಬಂದ ಮೇಲೆ ಏರಿಸ್ತೀವಿ. ಲೆಕ್ಕ ಪೂರ್ತಿ ನೆಲೆಗೊಂಡ್ರೆ ತಲುಪೋ ಊರು ಒಂದೇ. ಈ ಬುಟ್ಟಿಗೆ ಧೈರ್ಯವಾಗಿ ಕೈ ಹಾಕಿ.

ಎರಡನೇ ಬುಟ್ಟಿ: ನಿಖರತೆಗೆ ಸಂಬಂಧಿಸಿದ್ದು. ಸಮಯದ ಹೆಜ್ಜೆ, ಎಷ್ಟು ತಪ್ಪನ್ನ ಸಹಿಸಬಹುದು ಅನ್ನೋ ಮಿತಿ, ಅಪ್‌ವಿಂಡ್‌ನಂಥ ವಿಧಾನಗಳು. ಹೆಜ್ಜೆ ಚಿಕ್ಕದು ಮಾಡೋದು, ಮಿತಿ ಬಿಗಿ ಮಾಡೋದು ಸಾಮಾನ್ಯವಾಗಿ ತೊಂದರೆ ಇಲ್ಲ. ಸಡಿಲ ಮಾಡಿದ್ರೆ ಅದು ಸಾಲ ತಗೊಂಡ ಹಾಗೆ, ತೀರಿಸಲೇಬೇಕು. ಶುರುವಿನಲ್ಲಿ ಅಪ್‌ವಿಂಡ್‌ನಲ್ಲಿ ಓಡಿಸಿ, ಹರಿವು ಒಂದು ಆಕಾರಕ್ಕೆ ಬಂದ ಮೇಲೆ ನಿಖರ ವಿಧಾನಕ್ಕೆ ಬದಲಾಯಿಸೋದು ಎಲ್ಲರೂ ಮಾಡೋ ಕೆಲಸವೇ. ಬದಲಾಯಿಸಿದ ತಕ್ಷಣ ಉತ್ತರ ತಗೋಬಾರದು. ಹಳೇ ನೀರೆಲ್ಲ ಹರಿದು ಹೋಗಿ ಹೊಸ ನೀರು ತುಂಬೋವರೆಗೂ ಓಡಿಸಬೇಕು. ಆ ನಡುವಿನ ಅವಧಿಯನ್ನ ಸರಾಸರಿಗೆ ಸೇರಿಸಬಾರದು.

ಮೂರನೇ ಬುಟ್ಟಿ: ಪ್ರಶ್ನೆಯೇ. ನೀರಿನ ಅಂಟುತನ, ಒಳಗೆ ಬರೋ ನೀರಿನ ಪ್ರಮಾಣ, ಗುರುತ್ವ. ಓಪನ್‌ಫೋಮ್‌ನಲ್ಲಿ ಅಂಟುತನದ ಫೈಲನ್ನೂ ಓಡ್ತಿರುವಾಗ ತಿದ್ದಬಹುದು, ಸಾಲ್ವರ್ ಬೇಡ ಅನ್ನಲ್ಲ. ಅನ್ನಬೇಕಾದ್ದು ನಾವು. ನೀರು ಬಿಡೋದು, ನಿಲ್ಲಿಸೋದು ನಿಮ್ಮ ಪ್ರಶ್ನೆಯ ಭಾಗವೇ ಆಗಿದ್ರೆ, ಉದಾಹರಣೆಗೆ ಕಟ್ಟು ಪದ್ಧತಿಯಲ್ಲಿ ನಾಲೆ ಹೇಗೆ ತುಂಬುತ್ತೆ ಅಂತ ನೋಡ್ತಿದ್ರೆ, ಯಾವ ಹೊತ್ತಿಗೆ ಎಷ್ಟು ಅನ್ನೋ ಪಟ್ಟಿಯನ್ನ ಮೊದಲೇ ಕೊಟ್ಟಿಡಿ. ನಡುರಾತ್ರಿ ಕೈಯಿಂದ ತಿದ್ದಬೇಡಿ.

ಬರೆದಿಡಿ

ಕೊನೇ ಮಾತು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ನೀರುಗಂಟಿ ಮಾವ ಯಾವ ತೂಬು ಯಾವಾಗ ತೆಗೆದೆ, ಯಾವಾಗ ಮುಚ್ಚಿದೆ ಅನ್ನೋದನ್ನ ಯಾರು ಕೇಳಿದ್ರೂ ಹೇಳ್ತಾರೆ. ಹೇಳದಿದ್ರೆ ಬಯಲಲ್ಲಿ ಜಗಳವೇ ಆಗುತ್ತೆ. ನನ್ನ ಹತ್ತಿರ ಅಂಥ ಒಂದು ಚೀಟಿಯೂ ಇರಲಿಲ್ಲ. ಈಗ ಪ್ರತಿ ಸಲ ಕೈ ಹಾಕೋ ಮುಂಚೆ ಹಳೇ ಫೈಲಿನ ಪ್ರತಿ ತೆಗೆದಿಡ್ತೀನಿ. ಸಿಮ್ಯುಲೇಶನ್‌ನ ಎಷ್ಟನೇ ಸೆಕೆಂಡಲ್ಲಿ, ಏನನ್ನ, ಯಾಕೆ ಬದಲಾಯಿಸಿದೆ, ಯಾವಾಗ ವಾಪಸ್ ಮಾಡ್ತೀನಿ ಅಂತ ನಾಲ್ಕು ಸಾಲು ಬರೀತೀನಿ. ರಿಪೋರ್ಟ್ ಕೊಡುವಾಗ ಅದನ್ನೂ ಕೊಡ್ತೀನಿ. ಕಾಲೇಜ್ ಪ್ರಾಜೆಕ್ಟ್ ಮಾಡ್ತಿರೋರು ಇದನ್ನ ಈಗಿಂದಲೇ ರೂಢಿ ಮಾಡ್ಕೊಳ್ಳಿ. ಮುಚ್ಚಿಟ್ಟ ಬದಲಾವಣೆಯಿಂದ ಸರಿ ಉತ್ತರ ಬಂದ್ರೂ ಅದನ್ನ ಇನ್ನೊಬ್ಬರು ಪರೀಕ್ಷಿಸೋಕೆ ಆಗಲ್ಲ.

ಕಾಲುವೆ ಏನಾಯ್ತು ಅಂತೀರಾ? ಪುಣ್ಯಕ್ಕೆ ಅಪ್‌ವಿಂಡ್ ಹಾಕೋ ಮುಂಚಿನ ಒಂದು ಸೇವ್ ಉಳಿದಿತ್ತು. ನಿಖರ ವಿಧಾನ, ಚಿಕ್ಕ ಹೆಜ್ಜೆ ಇಟ್ಟು ಅಲ್ಲಿಂದ ಮುಂದುವರಿಸಿದೆ. ಹಟ ಮಾಡ್ತಿದ್ದ ಜಾಗದ ಕೋಣೆಗಳು ಸೊಟ್ಟಗಿದ್ದವು, ಮೊದಲು ಅವನ್ನ ಸರಿ ಮಾಡಿದೆ. ನಿಜವಾದ ರೋಗ ಇದ್ದಿದ್ದೇ ಅಲ್ಲಿ, ನಾನು ಜ್ವರದ ಮಾತ್ರೆ ಕೊಟ್ಟು ಮಲಗಿದ್ದೆ ಅಷ್ಟೇ. ಈ ಸಲ ತಳದ ನೀರು ಕೋಲು ನೆಟ್ಟ ಜಾಗ ದಾಟಿ, ಹೊಂಗೆಮರದ ಕಡೆಗೇ ನುಗ್ಗಿತು. ನನ್ನ ಲೆಕ್ಕದಲ್ಲಿ ಮಣ್ಣು ಕದಲೋದೇ ಇಲ್ಲ, ತಳ ಗಟ್ಟಿ ಅಂತ ಇಟ್ಟಿದ್ದೆ. ಹಾಗಾಗಿ ಎಷ್ಟು ಆಳ ಕೊರೆಯುತ್ತೆ ಅಂತ ಅದು ಹೇಳಲ್ಲ. ಎಲ್ಲಿವರೆಗೆ ನೀರು ಜೋರಾಗಿರುತ್ತೆ ಅಂತ ಮಾತ್ರ ಹೇಳುತ್ತೆ. ನಮಗೆ ಬೇಕಿದ್ದೂ ಅಷ್ಟೇ.

ಕೋಲು ಕಿತ್ತು ಮರದ ಹತ್ತಿರ ನೆಟ್ಟಿದ್ದು ನಾನೇ. ಕಲ್ಲು ಅಲ್ಲಿವರೆಗೂ ಹಾಸಿದ್ರು, ಕಟ್ಟಿನ ನೀರು ಬರೋಕೆ ಎರಡು ದಿನ ಮುಂಚೆ ಕೆಲಸ ಮುಗೀತು. ನೀರುಗಂಟಿ ಮಾವ ಏನೂ ಅನ್ನಲಿಲ್ಲ. "ಕಂಪ್ಯೂಟ್ರು ಈಗ ಏನಂತದೆ?" ಅಂತ ಒಂದೇ ಮಾತು ಕೇಳಿದ್ರು. "ನೀವು ಹೇಳಿದ್ದೇ ಅಂತದೆ ಮಾವ" ಅಂದೆ.

ಇವತ್ತಿಗೆ ಇಷ್ಟು. ನಿಮ್ಮ ಸಿಮ್ಯುಲೇಶನ್ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡಿದ್ರೆ, ಕೈ ಹಾಕೋ ಮುಂಚೆ ಅದು ಯಾವ ಬುಟ್ಟಿ ಅಂತ ಒಂದು ಸಲ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.